ಗಣಕಯಂತ್ರಕ್ಕೆ ಎಷ್ಟು ಕೈಗಳು?

ಇಂದಿನ ಯುಗವು ಗಣಕಯಂತ್ರದ ಯುಗವೆಂಬುದು ಎಲ್ಲರೂ ಆಡುವ ಮಾತು. ಆದರೆ ಆ ಯಂತ್ರವು ದುಡಿಯುವ ಬಗೆಯನ್ನು ನಮ್ಮಲ್ಲಿ ಎಷ್ಟು ಜನ ಬಲ್ಲೆವು? ನಾನೂ ಬಲ್ಲವನಾಗಿರಲಿಲ್ಲ. ಕಳೆದ ದೀಪಾವಳಿಯ ಸೂಟಿಯಲ್ಲಿ ತಂಗಿಯ ಓದಿಗಾಗಿ ಒಂದು ಗಣಕಯಂತ್ರವನ್ನು ಕೊಳ್ಳಲು ತಂದೆಯವರೊಡನೆ ಬಾಗಲಕೋಟೆಗೆ ಹೋಗಿದ್ದೆನು. ಇಳಕಲ್ಲಿನಲ್ಲಿ ಕುಣಿಮಗ್ಗದ ಮುಂದೆ ಕುಳಿತು ಅವರು ಕೂಡಿಟ್ಟ ಹಣವದು. “ಇದರಾಗ ಎಂಟು ಕೋರ್ ಅದಾವ್ರೀ, ಎಂಟು ಪಟ್ಟು ಜೋರ ಓಡತೈತಿ” ಎಂದು ಅಂಗಡಿಯವನು ಹೆಚ್ಚಿನ ಬೆಲೆಯದನ್ನು ಮುಂದಿಟ್ಟನು. ತಂದೆಯವರು ನನ್ನತ್ತ ತಿರುಗಿ, “ಖರೇ ಏನೋ ತಮ್ಮಾ?” ಎಂದರು. ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದ ಮೊದಲಿಗನಾದ ನನ್ನಲ್ಲಿ ಉತ್ತರವಿರಲಿಲ್ಲ. ಬರಿಗೈಯಲ್ಲಿ ಮರಳಿದೆವು. ಆ ಬಳಿಕ ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇನೆ.

ಆಜ್ಞೆಗಳನ್ನು ನೆರವೇರಿಸುವ ಬಿಲ್ಲೆಗೆ ಪ್ರೊಸೆಸರ್ ಎಂದು ಹೆಸರು. ಅದರೊಳಗೆ ನಿಜವಾಗಿ ಲೆಕ್ಕ ಮಾಡುವ ಭಾಗವೇ ಕೋರ್. ಮೊದಲು ಒಂದು ಬಿಲ್ಲೆಗೆ ಒಂದೇ ಕೋರ್ ಇರುತ್ತಿತ್ತು. ಅದರ ಬಡಿತವನ್ನು ವರ್ಷವರ್ಷಕ್ಕೂ ಹೆಚ್ಚಿಸುತ್ತ ವೇಗವನ್ನು ಸಾಧಿಸಿದರು. ಆದರೆ 2004ರ ಸುಮಾರಿಗೆ ಬಿಲ್ಲೆಯ ಕಾವು ತಡೆಯಲಾರದಷ್ಟಾಯಿತು. ಒಂದೇ ಕೈಯನ್ನು ಅವಸರಪಡಿಸುವುದನ್ನು ಬಿಟ್ಟು ಕೈಗಳನ್ನೇ ಹೆಚ್ಚಿಸಬೇಕಾಯಿತು. ಇದಕ್ಕೆ ಎರಡು ದಾರಿಗಳುಂಟು.

ಒಂದೇ ಮನೆಯಲ್ಲಿ ನಾಲ್ಕು ಮಗ್ಗಗಳಿವೆಯೆಂದು ಭಾವಿಸೋಣ. ನೂಲಿನ ಗೂಡು ಒಂದೇ, ದೀಪ ಒಂದೇ. ಒಬ್ಬರಿಗೆ ಬೇಕಾದುದನ್ನು ಮತ್ತೊಬ್ಬರು ಕೈಚಾಚಿ ಕೊಡಬಹುದು. ಬಹುಕೋರ್ ಬಿಲ್ಲೆಯೂ ಹೀಗೆಯೇ. ಇದರಲ್ಲಿ ಖರ್ಚು ಕಡಿಮೆ, ವಿದ್ಯುತ್ತಿನ ಉಳಿತಾಯ. ಆದರೆ ಎಲ್ಲರೂ ಒಮ್ಮೆಲೆ ಗೂಡಿಗೆ ಕೈಯಿಟ್ಟರೆ ನೂಕುನುಗ್ಗಲು ತಪ್ಪದು. 2001ರಲ್ಲಿ ಐ.ಬಿ.ಎಂ. ಕಂಪನಿಯ ಪವರ್ 4 ಬಿಲ್ಲೆಯಲ್ಲಿ ಎರಡು ಕೋರ್‌ಗಳಿದ್ದವು. 2005ರಲ್ಲಿ ಇಂಟೆಲ್ ಹಾಗೂ ಎ.ಎಂ.ಡಿ. ಕಂಪನಿಗಳು ಮನೆಬಳಕೆಯ ಯಂತ್ರಗಳಿಗೂ ಅಂಥವನ್ನು ತಂದವು.

ಇನ್ನು ಅದೇ ನಾಲ್ಕು ಮಗ್ಗಗಳು ಓಣಿಯ ನಾಲ್ಕು ಮನೆಗಳಲ್ಲಿದ್ದರೆ? ಪ್ರತಿ ಮನೆಗೂ ತನ್ನ ಗೂಡು ಸಮೀಪ. ನೆರೆಮನೆಯ ನೂಲು ಬೇಕಾದರೆ ಓಣಿಗಿಳಿಯಬೇಕು. ಇದು ಬಹುಪ್ರೊಸೆಸರ್ ಯಂತ್ರ. ಬಿಲ್ಲೆಗಳು ಬೇರೆ ಬೇರೆ, ಬೆಲೆ ಹೆಚ್ಚು, ದೂರದ ನೆನಪಿನ ಕೋಶವನ್ನು ಮುಟ್ಟಲು ತಡ. ಆದರೆ ಒಟ್ಟು ನೆನಪು ವಿಶಾಲ, ಭಾರವಾದ ಕೆಲಸಕ್ಕೆ ತಕ್ಕುದು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ಹಲವು ಪ್ರೊಸೆಸರ್‌ಗಳನ್ನು ಕೂಡಿಸಿ ‘ಫ್ಲೋಸಾಲ್ವರ್’ ಯಂತ್ರವನ್ನು ಕಟ್ಟಿದ್ದು 1986ರಷ್ಟು ಹಿಂದೆ. ವಿಮಾನದ ಸುತ್ತ ಗಾಳಿ ಹರಿಯುವ ಬಗೆಯನ್ನು ಲೆಕ್ಕ ಹಾಕುವಂಥ ಕೆಲಸ ಅದರದು.

ಈಗ ಎರಡೂ ದಾರಿಗಳು ಒಂದಾಗಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ದಲ್ಲಿ ಬಹುಕೋರ್ ಬಿಲ್ಲೆಗಳನ್ನೇ ಜೋಡಿ ಜೋಡಿಯಾಗಿ ಕೂಡಿಸಿ, ಅಂಥ ಅನೇಕ ಘಟಕಗಳನ್ನು ಜಾಲದಿಂದ ಬೆಸೆದಿದ್ದಾರೆ. ಇಳಕಲ್ಲು, ಹುನಗುಂದ, ಬಾದಾಮಿ, ಬಾಗಲಕೋಟೆಗಳ ಮಗ್ಗಗಳೆಲ್ಲ ರಸ್ತೆಯ ಮೂಲಕ ಒಂದೇ ಕೆಲಸಕ್ಕೆ ಕೂಡಿದಂತೆ!

ಹಾಗಾದರೆ ಎಂಟು ಕೋರ್ ಇದ್ದರೆ ಎಂಟು ಪಟ್ಟು ವೇಗವೆ? ಇಲ್ಲ. ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವವರೆಗೆ ಲಾಳಿ ಎಸೆಯುವವನು ಕಾಯಲೇಬೇಕು. ಹಾಗೆಯೇ ಪ್ರತಿಯೊಂದು ಲೆಕ್ಕದಲ್ಲಿಯೂ ಹಂಚಲಾಗದ ಪಾಲೊಂದಿರುತ್ತದೆ. ಹತ್ತು ತಾಸಿನ ಕೆಲಸದಲ್ಲಿ ಎರಡು ತಾಸಿನದನ್ನು ಹಂಚಲಾಗದೆಂದರೆ, ಉಳಿದ ಎಂಟು ತಾಸಿನದು ಎಂಟು ಕೋರ್‌ಗಳಿಂದ ಒಂದು ತಾಸಿಗೆ ಇಳಿದರೂ ಒಟ್ಟು ಮೂರು ತಾಸು ಬೇಕು. ಲಾಭ ಮೂರು ಪಟ್ಟಿಗೆ ತುಸು ಹೆಚ್ಚು, ಅಷ್ಟೆ. ನಾಲ್ಕು ಕೋರ್‌ಗಳಿಂದಲೇ ನಾಲ್ಕು ತಾಸಿನಲ್ಲಿ ಮುಗಿಯುತ್ತಿತ್ತು. ಈ ಮಿತಿಯನ್ನು ಅಮೇರಿಕೆಯ ಜೀನ್ ಆಮ್‌ಡಾಲ್ ಎಂಬವರು 1967ರಲ್ಲಿಯೇ ಎತ್ತಿ ತೋರಿಸಿದ್ದರು.

ಇದನ್ನೆಲ್ಲ ಮಗ್ಗದ ಬದಿಗೆ ಕುಳಿತು ತಂದೆಯವರಿಗೆ ಹೇಳಿದೆನು. ಅವರು ಲಾಳಿಯನ್ನು ನಿಲ್ಲಿಸಿ, “ಮಗ್ಗ ಹೆಚ್ಚಾದ್ರ ಏನ್ ಬಂತು, ನೂಲು ಸಾಕಷ್ಟು ಇರಬೇಕು, ಕೂಡಿ ದುಡಿಯೋ ಕೆಲಸಾನೂ ಇರಬೇಕು” ಎಂದರು. ನಾನು ಪುಟಗಟ್ಟಲೆ ಓದಿದುದರ ಸಾರವು ಆ ಒಂದು ಮಾತಿನಲ್ಲಿತ್ತು. ನಾಲ್ಕು ಕೋರ್‌ಗಳ, ಆದರೆ ಹೆಚ್ಚು ನೆನಪಿನ ಯಂತ್ರವನ್ನೇ ತಂದೆವು. ಉಳಿದ ಹಣದಲ್ಲಿ ತಂಗಿಯ ಪರೀಕ್ಷೆಯ ಶುಲ್ಕ ತುಂಬಿತು.

ಓದಿದವರು ಮನೆಯವರ ಒಂದು ಪ್ರಶ್ನೆಗಾದರೂ ಉತ್ತರ ಕೊಡುವಂತಾದರೆ ನಮ್ಮ ವಿದ್ಯೆ ಸಾರ್ಥಕವೆಂದು ನನ್ನ ನಂಬಿಕೆ.