ಮಲೆನಾಡಿನ ಏರುದಾರಿಗೆ ಯಾವ ಡಿಫರೆನ್ಷಿಯಲ್?

ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಬೆಳೆಗಾರರು, ಕಾಫಿ–ಮೆಣಸಿನ ವ್ಯಾಪಾರಿಗಳು ಹಾಗೂ ಗೊಬ್ಬರದ ವಿತರಕರು ವಾಹನ ಕೊಳ್ಳುವಾಗ ಅಶ್ವಶಕ್ತಿ, ಮೈಲೇಜು, ಸಾಲದ ಕಂತು ಇವುಗಳನ್ನು ಕೂಲಂಕಷವಾಗಿ ವಿಚಾರಿಸುತ್ತಾರೆ. ಡಿಫರೆನ್ಷಿಯಲ್ ಯಾವ ಬಗೆಯದೆಂದು ಕೇಳುವವರು ವಿರಳ. ಆದರೆ ಮುಂಗಾರಿನ ನಾಲ್ಕು ತಿಂಗಳು ಹೆತ್ತೂರು, ಯಸಳೂರು, ಹಾನುಬಾಳು, ಬಿಸಿಲೆ ಕಡೆಯ ಕೆಮ್ಮಣ್ಣಿನ ಏರುಗಳಲ್ಲಿ ವಾಹನ ಸಾಗುವುದೋ ನಿಲ್ಲುವುದೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಎಂಜಿನ್ ಅಲ್ಲ. ಆಕ್ಸಲ್‌ನ ನಡುವಿನ ಉಬ್ಬಿನೊಳಗೆ ಅಡಗಿರುವ ಈ ಹಲ್ಲುಚಕ್ರಗಳ ಗುಂಪು. ಕಾಡಾನೆಗಳ ಸಂಚಾರವಿರುವ ಈ ಭಾಗದಲ್ಲಿ, ಕತ್ತಲಾಗುವ ಮುನ್ನ ಕಾರ್ಮಿಕರನ್ನು ಲೈನು ಮನೆಗಳಿಗೆ ತಲುಪಿಸಬೇಕಾದ ಜೀಪು ಕೆಸರಿನಲ್ಲಿ ಹೂತುಕೊಂಡರೆ ಆಗುವ ನಷ್ಟ ಬರಿಯ ಸಮಯದ್ದಲ್ಲ.

ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನ ಚಕ್ರಕ್ಕಿಂತ ಹೆಚ್ಚು ದೂರ ಕ್ರಮಿಸಬೇಕು. ಅದಕ್ಕೆ ಅವಕಾಶ ಕೊಡುವುದೇ ಡಿಫರೆನ್ಷಿಯಲ್‌ನ ಕೆಲಸ. ಸಾಧಾರಣ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸಮನಾದ ತಿರುಗುಬಲವನ್ನು ಹಂಚುತ್ತದೆ, ದೋಷವಿರುವುದೂ ಅಲ್ಲಿಯೇ. ಎಡಗಡೆಯ ಚಕ್ರ ಜಾರುಮಣ್ಣಿನ ಮೇಲಿದ್ದು 100 ನ್ಯೂಟನ್-ಮೀಟರ್ ಬಲವನ್ನಷ್ಟೇ ತಡೆಯಬಲ್ಲದಾದರೆ, ಗಟ್ಟಿನೆಲದ ಮೇಲಿರುವ ಬಲಗಡೆಯ ಚಕ್ರಕ್ಕೂ 100ಕ್ಕಿಂತ ಹೆಚ್ಚು ಸಿಗುವುದಿಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಎಡ ಚಕ್ರ ಗಿರಗಿರನೆ ಸುತ್ತಿ ಗುಂಡಿ ತೋಡುತ್ತದೆ. ನಾಲ್ಕು ಚಕ್ರಗಳಿಗೂ ಚಾಲನೆಯಿರುವ ಹಳೆಯ ಜೀಪುಗಳೂ ಇದರಿಂದ ಮುಕ್ತವಲ್ಲ. ಫೋರ್ ವೀಲ್ ಸನ್ನೆ ಹಾಕಿದಾಗ ಬಲವು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹೋಗುವುದು ನಿಜ. ಆದರೆ ಪ್ರತಿ ಆಕ್ಸಲ್‌ನೊಳಗೂ ಸಾಧಾರಣ ಡಿಫರೆನ್ಷಿಯಲ್ ಇರುವುದರಿಂದ, ಮುಂದೆ ಒಂದು ಹಿಂದೆ ಒಂದು ಚಕ್ರ ಜಾರಿದರೆ ಸಾಕು, ಜೀಪು ನಿಂತಲ್ಲೇ ನಿಲ್ಲುತ್ತದೆ.

ಈ ದೋಷಕ್ಕೆ ಪರಿಹಾರ ಹುಡುಕಿದ್ದು ಸ್ಪೋರ್ಟ್ಸ್ ಕಾರುಗಳ ಲೋಕ. 1930ರ ದಶಕದಲ್ಲಿ ಆಟೋ ಯೂನಿಯನ್ ರೇಸ್ ಕಾರುಗಳ ಹಿಂದಿನ ಚಕ್ರ ಶಕ್ತಿ ತಾಳದೆ ಸುತ್ತುತ್ತಿದ್ದಾಗ, ಫರ್ಡಿನಾಂಡ್ ಪೋರ್ಷೆಯವರ ಕೋರಿಕೆಯಂತೆ ಜರ್ಮನಿಯ ಜೆಡ್‌ಎಫ್ ಕಂಪನಿ ಜಾರಿಕೆಗೆ ಮಿತಿ ಹಾಕುವ ಡಿಫರೆನ್ಷಿಯಲ್ಲನ್ನು ರೂಪಿಸಿತು. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಅಂದರೆ ಎಲ್‌ಎಸ್‌ಡಿ, ಎಂಬ ಹೆಸರಿನಲ್ಲಿ ಇಂದು ದೊರೆಯುವ ಬಗೆಗಳು ಹಲವು. ಅವುಗಳಲ್ಲಿ ಎರಡನ್ನು ಅರಿತರೆ ಖರೀದಿದಾರನಿಗೆ ಸಾಕು.

ಮೊದಲನೆಯದು ಪ್ಲೇಟು ಮಾದರಿ. ಕ್ಲಚ್ ಪ್ಲೇಟುಗಳಂಥ ಬಿಲ್ಲೆಗಳ ಒತ್ತಡದಿಂದ ಎರಡು ಚಕ್ರಗಳನ್ನೂ ಪರಸ್ಪರ ಬಿಗಿಹಿಡಿಯುವುದು ಇದರ ಕ್ರಮ. ಒಂದು ಚಕ್ರ ಪೂರ್ತಿ ಗಾಳಿಯಲ್ಲಿದ್ದರೂ ಮೊದಲೇ ಕೂರಿಸಿದ ಬಿಗಿಯಿಂದಾಗಿ ಇನ್ನೊಂದಕ್ಕೆ ಸ್ವಲ್ಪವಾದರೂ ಬಲ ಸಿಗುತ್ತದೆ. ಆದರೆ ಪ್ಲೇಟುಗಳು ಸವೆಯುತ್ತವೆ, ವಿಶೇಷ ಎಣ್ಣೆ ಬೇಡುತ್ತವೆ, ತಿರುವಿನಲ್ಲಿ ಕಟಕಟ ಸದ್ದು ಮಾಡುತ್ತವೆ. ಎರಡನೆಯದು ಓರೆಹಲ್ಲಿನ ಗೇರುಗಳ ಮಾದರಿ. ಟಾರ್ಸೆನ್ ಮತ್ತು ಕ್ವೈಫ್ ಈ ವರ್ಗದ ಪರಿಚಿತ ಹೆಸರುಗಳು. ಜಾರುವ ಚಕ್ರ ತಡೆಯಬಲ್ಲ ಬಲವನ್ನು ಇದು ನಿಗದಿತ ಪ್ರಮಾಣದಲ್ಲಿ ಗುಣಿಸಿ ಇನ್ನೊಂದಕ್ಕೆ ಕೊಡುತ್ತದೆ. ಗುಣಕ 2.5 ಆಗಿದ್ದರೆ ಮೇಲಿನ ಉದಾಹರಣೆಯಲ್ಲಿ ಬಲ ಚಕ್ರಕ್ಕೆ 100ರ ಬದಲು 250 ದೊರೆಯುತ್ತದೆ. ಸವೆತ ಅತ್ಯಲ್ಪ, ನಡತೆ ಮೃದು. ಆದರೆ ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ: ಒಂದು ಚಕ್ರ ಮೇಲೆದ್ದರೆ ಇದು ಸಾಧಾರಣ ಡಿಫರೆನ್ಷಿಯಲ್‌ಗಿಂತ ಹೆಚ್ಚೇನೂ ಅಲ್ಲ.

ಸ್ಪೋರ್ಟ್ಸ್ ಕಾರಿನ ಮಾಲೀಕ ಆಯ್ಕೆ ಮಾಡಬೇಕಾದದ್ದು ಈ ಎರಡರ ನಡುವೆ. ಶಿರಾಡಿ ಘಾಟಿಯ ಕಾಂಕ್ರೀಟ್ ರಸ್ತೆಯಲ್ಲಿ ವಾರಾಂತ್ಯಕ್ಕೆ ಓಡಿಸುವ, ಮುಂದಿನ ಚಕ್ರಗಳಿಗೆ ಚಾಲನೆಯಿರುವ ಕಾರಿಗೆ ಗೇರುಗಳ ಮಾದರಿಯೇ ಉಚಿತ. ಮಳೆಯಲ್ಲಿ ನೆನೆದ ಇಳಿಜಾರಿನ ತಿರುವಿನಲ್ಲಿ ಬಿಗಿಯಾದ ಪ್ಲೇಟು ಮಾದರಿ, ಅದರಲ್ಲಿಯೂ ಆಕ್ಸಿಲರೇಟರ್ ಬಿಟ್ಟಾಗಲೂ ಬಿಗಿಹಿಡಿಯುವ ‘ಟೂ ವೇ’ ಬಗೆ, ಕಾರನ್ನು ತಿರುವಿನಿಂದ ಹೊರಕ್ಕೆ ನೂಕುತ್ತದೆ. ರ‍್ಯಾಲಿ ಕಾರಿನ ಮಾತು ಬೇರೆ. ನೆರೆಯ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ನಡೆದಿದೆ. 2016ರಲ್ಲಿ ಆ ಪ್ರಶಸ್ತಿ ಗೆದ್ದ ಗೌರವ್ ಗಿಲ್ ಓಡಿಸಿದ ಸ್ಕೋಡಾ ಫ್ಯಾಬಿಯಾ ಆರ್5 ಕಾರಿನಲ್ಲಿ ಮುಂದೆ ಮತ್ತು ಹಿಂದೆ ಇದ್ದದ್ದು ಪ್ಲೇಟು ಮಾದರಿಯ ಯಾಂತ್ರಿಕ ಡಿಫರೆನ್ಷಿಯಲ್‌ಗಳೇ. ಅಲ್ಲಿ ಚಕ್ರ ಪದೇ ಪದೇ ನೆಲ ಬಿಡುತ್ತದೆ. ಪ್ಲೇಟು ಸವೆದರೆ ಬದಲಾಯಿಸಲು ತಂಡವೇ ಜೊತೆಗಿರುತ್ತದೆ. ಆ ತಂಡವಿಲ್ಲದವರು ರ‍್ಯಾಲಿಯ ಬಿಡಿಭಾಗವನ್ನು ದಿನಬಳಕೆಯ ಕಾರಿಗೆ ಕೂರಿಸುವುದು ಶೋಕಿಯೇ ಹೊರತು ಲೆಕ್ಕಾಚಾರವಲ್ಲ.

ವ್ಯಾಪಾರಿಗೆ ಹೆಚ್ಚು ಪ್ರಸ್ತುತವಾದುದು ಪಿಕಪ್ ವಾಹನ. ಇಲ್ಲೊಂದು ವೈಚಿತ್ರ್ಯವಿದೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ, ರೋಬಸ್ಟಾ ಕೊಯ್ಲು ಜನವರಿಯ ನಂತರ. ಅಂದರೆ ಚೀಲಗಳ ಭಾರ ಹೊತ್ತು ಓಡುವ ಕಾಲದಲ್ಲಿ ದಾರಿ ಒಣಗಿರುತ್ತದೆ, ಭಾರ ಹಿಂದಿನ ಚಕ್ರಗಳನ್ನು ನೆಲಕ್ಕೆ ಒತ್ತಿರುತ್ತದೆ. ಕೆಸರಿನ ಕಾಲದಲ್ಲಾದರೋ ಅದೇ ಪಿಕಪ್ ಖಾಲಿಯಾಗಿ ಅಥವಾ ಅರೆಭಾರದಲ್ಲಿ ಓಡುತ್ತದೆ, ಹಿಂಭಾಗ ಹಗುರವಾಗಿ ಚಕ್ರ ಬೇಗ ಜಾರುತ್ತದೆ. ಹೀಗಾಗಿ ಕೆಂಚಮ್ಮನ ಹೊಸಕೋಟೆ, ಮಗ್ಗೆ ಕಡೆ ಬಹುಪಾಲು ಡಾಂಬರು ರಸ್ತೆಯಲ್ಲೇ ಸರಕು ಸಾಗಿಸುವವರಿಗೆ ಎಲ್‌ಎಸ್‌ಡಿಯ ಅಗತ್ಯ ಅಷ್ಟಿಲ್ಲ. ಮುಂಗಾರಿನಲ್ಲಿಯೂ ತೋಟದೊಳಕ್ಕೆ ಇಳಿಯಲೇಬೇಕಾದವರಿಗೆ ಅದು ಬೇಕು. ಅವರಿಗೂ ರೇಸ್ ಮಾದರಿಗಿಂತ ತಾನಾಗಿ ಬೀಗ ಹಾಕಿಕೊಳ್ಳುವ ಲಾಕರ್ ಲೇಸು. ಈಟನ್ ಕಂಪನಿಯ ಯಾಂತ್ರಿಕ ಲಾಕರ್ ಎರಡು ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತುಗಳ ಅಂತರ ಬಂದೊಡನೆ ಬೀಗ ಹಾಕುತ್ತದೆ. ಗಂಟೆಗೆ ಸುಮಾರು 32 ಕಿ.ಮೀ. ವೇಗ ಮೀರಿದರೆ ಬೀಗ ಬೀಳದು. 2015ರ ಮಹೀಂದ್ರ ಥಾರ್‌ನ ಹಿಂದಿನ ಆಕ್ಸಲ್‌ನಲ್ಲಿ ಕಾರ್ಖಾನೆಯಿಂದಲೇ ಇದು ಬಂದಿತು. 2021ರ ಬೊಲೆರೊ ನಿಯೋದ ಮೇಲ್ದರ್ಜೆಯ ಮಾದರಿಯಲ್ಲಿಯೂ ಯಾಂತ್ರಿಕ ಲಾಕರ್ ದೊರೆಯಿತು. ಫೋರ್ಸ್ ಗೂರ್ಖಾದಲ್ಲಿ ಚಾಲಕನೇ ಹಾಕುವ ಬೀಗವಿದೆ. 2023ರ ಮಾರುತಿ ಜಿಮ್ನಿಯಲ್ಲಿರುವುದು ಜಾರುವ ಚಕ್ರಕ್ಕೆ ಬ್ರೇಕ್ ಹಾಕಿ ಇನ್ನೊಂದಕ್ಕೆ ಬಲ ತಿರುಗಿಸುವ ವಿದ್ಯುನ್ಮಾನ ವ್ಯವಸ್ಥೆ. ಕ್ವಚಿತ್ತಾಗಿ ಕೆಸರು ಕಾಣುವವರಿಗೆ ಇದು ಸಾಕಾಗುತ್ತದೆ.

ಇನ್ನು ವೆಚ್ಚದ ವಿಚಾರ. ಬಿಡಿಭಾಗ ಮತ್ತು ಕೂರಿಸುವ ಕೂಲಿ ಸೇರಿ 70,000 ರೂ. ಎಂದೂ, ಒಮ್ಮೆ ಹೂತ ವಾಹನವನ್ನು ಟ್ರ್ಯಾಕ್ಟರ್‌ನಿಂದ ಎಳೆಸುವ ಬಾಡಿಗೆ ಹಾಗೂ ಆಳುಗಳ ಅರ್ಧ ದಿನದ ನಷ್ಟ ಸೇರಿ 5,000 ರೂ. ಎಂದೂ ಇಟ್ಟುಕೊಂಡರೆ, ಒಂದು ಮಳೆಗಾಲದಲ್ಲಿ ಐದು ಬಾರಿ ಹೂಳುವ ವಾಹನದಲ್ಲಿ ಮೂರು ವರ್ಷದೊಳಗೆ ಹಣ ಹಿಂದಿರುಗುತ್ತದೆ. ಎರಡೇ ಬಾರಿ ಹೂಳುವುದಾದರೆ ಏಳು ವರ್ಷ ಬೇಕು. ಅಂಥವರು ಆ ಹಣದ ಅಲ್ಪಾಂಶದಲ್ಲಿ ಒಳ್ಳೆಯ ಮಣ್ಣುದಾರಿಯ ಟೈರು ಕೊಳ್ಳುವುದು ವಿವೇಕ.

ಇಲ್ಲದಿದ್ದ ಎಲ್‌ಎಸ್‌ಡಿಯನ್ನು ಹೊಸದಾಗಿ ಕೂರಿಸಿದ ವೆಚ್ಚ ಬಂಡವಾಳ ವೆಚ್ಚವೆನಿಸುತ್ತದೆ. ಸವೆದ ಪ್ಲೇಟು ಬದಲಾಯಿಸಿದ್ದು ದುರಸ್ತಿ ವೆಚ್ಚ. ಸ್ವಂತ ವ್ಯವಹಾರದ ವಾಹನಕ್ಕೆ ಸವಕಳಿ ಶೇ. 15, ಅಂದರೆ 70,000ಕ್ಕೆ ಮೊದಲ ವರ್ಷ 10,500 ರೂ. ಆ ಹಣಕಾಸು ವರ್ಷದಲ್ಲಿ ಬಳಕೆ 180 ದಿನಕ್ಕಿಂತ ಕಡಿಮೆಯಾದರೆ ಅದರ ಅರ್ಧ ಮಾತ್ರ. ಆದ್ದರಿಂದ ಮೇ ತಿಂಗಳಲ್ಲಿ ಕೂರಿಸಿದರೆ ಮಳೆಗೂ ಒದಗುತ್ತದೆ, ಲೆಕ್ಕಕ್ಕೂ ಒದಗುತ್ತದೆ. ಆದರೆ ತಾನೇ ಬೆಳೆದು ಕ್ಯೂರಿಂಗ್ ಮಾಡಿಸಿ ಮಾರುವ ಕಾಫಿಯ ವರಮಾನದಲ್ಲಿ ಶೇ. 25 ಮಾತ್ರ ಆದಾಯ ತೆರಿಗೆಗೆ ಒಳಪಡುವುದರಿಂದ, ಅಂಥ ಬೆಳೆಗಾರನಿಗೆ ಸವಕಳಿಯ ಪ್ರಯೋಜನವೂ ಕಾಲುಭಾಗಕ್ಕೆ ಇಳಿಯುತ್ತದೆ. ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 22 ಸೆಪ್ಟೆಂಬರ್ 2025ರಿಂದ ಶೇ. 18. ತೆರಿಗೆಗೊಳಪಡುವ ವಹಿವಾಟಿನ ನೋಂದಾಯಿತ ವ್ಯಾಪಾರಿ ತನ್ನ ಸರಕು ವಾಹನಕ್ಕೆ ಕೊಂಡರೆ ಇನ್‌ಪುಟ್ ತೆರಿಗೆಯ ಜಮೆ ಪಡೆಯಬಹುದು. ನೋಂದಣಿಯಿಲ್ಲದ ಬೆಳೆಗಾರನಿಗೆ ಇದು ಪೂರ್ಣ ವೆಚ್ಚವೇ. ಸ್ಪೋರ್ಟ್ಸ್ ಕಾರನ್ನು ಸಂಸ್ಥೆಯ ಹೆಸರಿನಲ್ಲಿ ಇಟ್ಟವರು ಜಮೆಯ ಆಸೆ ಇಟ್ಟುಕೊಳ್ಳದಿರುವುದು ಕ್ಷೇಮ. ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಕ್ಕೂ ಅದರ ದುರಸ್ತಿ ಸೇವೆಗೂ ಸಾಮಾನ್ಯವಾಗಿ ಜಮೆ ಇಲ್ಲ.

ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. ಹೊಸ ವಾಹನವಾದರೆ ವಾರಂಟಿಯ ಪ್ರಶ್ನೆಯೂ ಏಳುತ್ತದೆ. ಕೂರಿಸುವ ಮುನ್ನ ತಯಾರಕರ ವಿತರಕರಿಂದಲೂ ವಿಮಾ ಕಂಪನಿಯಿಂದಲೂ ಲಿಖಿತ ಉತ್ತರ ಪಡೆಯುವುದು ಒಳಿತು. ಕಾರ್ಖಾನೆಯಲ್ಲಿಯೇ ಕೂರಿಸಿ ಬಂದ ಮಾದರಿಗೆ ಕೊಂಚ ಹೆಚ್ಚು ತೆತ್ತರೂ ಈ ತೊಡಕು ತಪ್ಪುತ್ತದೆ.

ಕೂರಿಸುವ ಕೆಲಸದ ಗುಣಮಟ್ಟ ಬಿಡಿಭಾಗದ ಹೆಸರಿಗಿಂತ ಮುಖ್ಯ. ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವಿನ ಸಡಿಲವನ್ನು ಡಯಲ್ ಗೇಜ್ ಇಟ್ಟು ಅಳೆದು, ಹಲ್ಲಿಗೆ ಬಣ್ಣ ಹಚ್ಚಿ ಕಚ್ಚುವ ಜಾಗ ನೋಡಿ, ಶಿಮ್‌ಗಳಿಂದ ಸರಿಪಡಿಸಬೇಕು. ಕೈಯಂದಾಜಿನಲ್ಲಿ ಕೂರಿಸಿದ ಆಕ್ಸಲ್ ಕೆಲವೇ ತಿಂಗಳಲ್ಲಿ ಊಳಿಡತೊಡಗುತ್ತದೆ. ಹಳ್ಳ ದಾಟಿದ ಮೇಲೆ ಆಕ್ಸಲ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದೇ ಅರ್ಥ, ಕೂಡಲೇ ಬದಲಾಯಿಸಬೇಕು. ಎಡಬಲದ ಟೈರುಗಳ ಸವೆತದಲ್ಲಿ ಹೆಚ್ಚು ವ್ಯತ್ಯಾಸವಿದ್ದರೆ ಪ್ಲೇಟುಗಳು ನೇರ ರಸ್ತೆಯಲ್ಲಿಯೂ ಸವೆಯುತ್ತಿರುತ್ತವೆ. ಹಿಂಚಕ್ರ ಚಾಲನೆಯ ಹಳೆಯ ವಾಹನವನ್ನು ಪ್ಲೇಟು ಮಾದರಿಯ ಎಲ್‌ಎಸ್‌ಡಿ ಇದೆಯೆಂದು ಮಾರಲು ಬಂದರೆ, ಸಮತಟ್ಟು ನೆಲದಲ್ಲಿ ಉಳಿದ ಚಕ್ರಗಳಿಗೆ ಅಡ್ಡ ಕೊಟ್ಟು, ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಕೈಬ್ರೇಕ್ ಬಿಟ್ಟು, ಹಿಂದಿನ ಒಂದೇ ಚಕ್ರವನ್ನು ಜಾಕಿಯಿಂದ ಎತ್ತಿ ಕೈಯಿಂದ ತಿರುಗಿಸಿ ನೋಡಬೇಕು. ಬಿಗಿಯಿದ್ದರೆ ಪ್ಲೇಟುಗಳಲ್ಲಿ ಜೀವವಿದೆ. ಸಲೀಸಾಗಿ ತಿರುಗಿದರೆ, ಎಲ್‌ಎಸ್‌ಡಿಯ ಹೆಸರಿನಲ್ಲಿ ಕೇಳುವ ಹೆಚ್ಚುವರಿ ಬೆಲೆಯನ್ನು ಕೊಡಬೇಕಾಗಿಲ್ಲ.