ಮಾರ್ಗಳಿಯಲ್ಲಿ ಕಲಿತ ಒಂದು ಪದ

ಧನುರ್ಮಾಸದ ಮುಂಜಾವಿನಲ್ಲಿ ನಮ್ಮ ಮನೆಗಳಲ್ಲಿ ಹುಗ್ಗಿ ಬೇಯುತ್ತದೆ. ನಮ್ಮ ಹಿರಿಯರು ಇಂದಿಗೂ ಮದರಾಸೆಂದೇ ಕರೆಯುವ ಚೆನ್ನೈಯಲ್ಲಿ ಹುಗ್ಗಿಯ ಜೊತೆಗೆ ಸಂಗೀತವೂ ಉಂಟು. ಮಾರ್ಗಳಿ ಎಂದು ಅಲ್ಲಿಯವರು ಕರೆಯುವ ಈ ಕಾಲದಲ್ಲಿ, ಡಿಸೆಂಬರಿನ ನಡುವಿನಿಂದ ಜನವರಿಯ ಮೊದಲ ದಿನಗಳವರೆಗೆ, ಸಭೆ ಸಭೆಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೂ ಕಚೇರಿಗಳು ನಡೆಯುತ್ತವೆ. ಕಳೆದ ವರ್ಷ ನಾಲ್ಕು ದಿನ ರಜೆ ಹಾಕಿ, ಮೈಸೂರಿನಿಂದ ರಾತ್ರಿಯ ರೈಲು ಹತ್ತಿ ನಾನೂ ಹೋಗಿದ್ದೆ.

ಹೋದವನ ಗಂಟಿನಲ್ಲಿ ಬಟ್ಟೆಗಿಂತ ಅಭಿಮಾನವೇ ಹೆಚ್ಚಾಗಿತ್ತೆಂದು ಒಪ್ಪಿಕೊಳ್ಳಬೇಕು. ಆ ಊರಿಗೆ ರುಚಿ ಕಲಿಸಿದವರಲ್ಲಿ ಉಡುಪಿ ಸೀಮೆಯ ಕೆ. ಕೃಷ್ಣರಾಯರು ಒಬ್ಬರು, ಅವರ ವುಡ್‌ಲ್ಯಾಂಡ್ಸ್‌ನ ಡ್ರೈವ್-ಇನ್ ಹೋಟೆಲು 1962ರಿಂದ 2008ರವರೆಗೆ ಅಲ್ಲಿಯವರ ಹರಟೆಗೆ ನೆಲೆಯಾಗಿತ್ತು. ಸಂಗೀತಕ್ಕೆ ಕುಳಿತ ಅಲ್ಲಿನ ಮಗು ಮೊದಲು ಹಾಡುವ ಮಾಯಾಮಾಳವಗೌಳದ ಸರಳೆ, ಬಳಿಕ ಕಲಿಯುವ ಮಲಹರಿಯ ಗೀತೆ, ಎರಡರ ಹಿಂದೆಯೂ ಪುರಂದರದಾಸರ ಹೆಸರಿದೆ. ಊಟವೂ ನಮ್ಮದು, ಪಾಠವೂ ನಮ್ಮದು ಎಂದು ಬೀಗುತ್ತಲೇ ನಾನು ಮೈಲಾಪುರದ ಬೀದಿಗೆ ಇಳಿದೆ.

ಕಪಾಲೀಶ್ವರನ ಗುಡಿಯ ಸುತ್ತಿನ ಮಾಡಬೀದಿಗಳಲ್ಲಿ ಹೊಸ ರಂಗೋಲೆಯ ಹಸಿ ಇನ್ನೂ ಆರಿರಲಿಲ್ಲ. ಮೆಣಸು ತುಪ್ಪಗಳ ಪೊಂಗಲ್ ತಿಂದು, ನೊರೆಯೆದ್ದ ಕಾಫಿ ಕುಡಿದು ಮ್ಯೂಸಿಕ್ ಅಕಾಡೆಮಿಗೆ ನಡೆದೆ. 1927ರ ಕಾಂಗ್ರೆಸ್ ಅಧಿವೇಶನದ ಜೊತೆಗೆ ನಡೆದ ಸಂಗೀತ ಸಮ್ಮೇಳನದ ಫಲವಾಗಿ ಮರುವರ್ಷ ಹುಟ್ಟಿದ ಸಂಸ್ಥೆಯದು. ಅಲ್ಲಿ ಬೆಳಗಿನ ಹೊತ್ತು ವಿದ್ವಾಂಸರು ಹಾಡಿ ವಿವರಿಸುವ ಗೋಷ್ಠಿಗಳು ನಡೆಯುತ್ತವೆ. ಸಭೆಗಳ ಉಪಾಹಾರ ಗೃಹಗಳಂತೂ ಇನ್ನೊಂದು ಗೋಷ್ಠಿಯೇ ಸರಿ. ಆಲಾಪನೆ ಇನ್ನಷ್ಟು ಬೆಳೆಯಬೇಕಿತ್ತು ಎಂದವರೇ, ಅದೇ ಗಾಂಭೀರ್ಯದಿಂದ, ಸಾಂಬಾರಿಗೆ ಇನ್ನೊಂದು ಕುದಿ ಬೇಕಿತ್ತು ಎನ್ನುತ್ತಿದ್ದರು. ಮೃದಂಗದ ತನಿ ಆರಂಭವಾದೊಡನೆ ವಡೆಯ ಕಡೆಗೆ ನಡೆಯುವ ರಸಿಕರನ್ನೂ ಕಂಡೆ.

ಮೂರನೆಯ ದಿನ ಮಧ್ಯಾಹ್ನ ಒಂದು ಸಣ್ಣ ಸಭೆಯಲ್ಲಿ ಕುಳಿತಿದ್ದೆ. ಕಚೇರಿಯ ಕೊನೆಯಲ್ಲಿ ಎಳೆಯ ಗಾಯಕಿಯೊಬ್ಬಳು ದಾಸರ ‘ಜಗದೋದ್ಧಾರನ’ ಎತ್ತಿಕೊಂಡಳು. ಅಕ್ಷರವೊಂದು ಜಾರಿತು, ನನ್ನೊಳಗಿನ ಮೇಷ್ಟರು ಕೆಂಪು ಶಾಯಿ ಹಿಡಿದು ಎದ್ದು ಕುಳಿತರು. ನನ್ನ ತುಟಿ ಅಲುಗಿದ್ದನ್ನು ಕಂಡು ಪಕ್ಕದ ವೃದ್ಧೆ, ಹಾಡು ಮುಗಿದೊಡನೆ, ತಮಿಳಿನಲ್ಲಿ ಕೇಳಿದರು: “ನೀವು ಕನ್ನಡದವರೋ? ಐವತ್ತು ವರ್ಷದಿಂದ ಇದನ್ನು ಹಾಡುತ್ತಿದ್ದೇನೆ. ಯಶೋದೆ ಮಗುವನ್ನು ಆಡಿಸುವುದು ಎಂದರೆ ಕುಣಿಸುವುದೋ?”

“ಇಲ್ಲಮ್ಮ, ಆಟವಾಡಿಸುವುದು” ಎಂದು ನನ್ನ ಹರಕು ತಮಿಳಿನಲ್ಲಿ ಹೇಳಿದೆ.

“ಅಷ್ಟೇನಾ!” ಎಂದರು ಆಕೆ. ಒಂದು ಗಳಿಗೆ ಬಿಟ್ಟು ಮುಖವರಳಿಸಿ, “ಹಾಗಾದರೆ ಮೊಮ್ಮಗನೊಡನೆ ನಾನು ದಿನವೂ ಮಾಡುವುದೇ!” ಎಂದರು.

ನಾನು ಸುಮ್ಮನಾದೆ. ಇಪ್ಪತ್ತು ವರ್ಷ ಈ ಪದವನ್ನು ಪಾಠ ಹೇಳಿದವನು ನಾನು. ಅದರಲ್ಲಿ ದನಿಗೊಡುವ ಕಠೋಪನಿಷತ್ತಿನ ಮಾತಿಗೆ ಒಂದು ಇಡೀ ತರಗತಿಯನ್ನು ಮೀಸಲಿಡುತ್ತಿದ್ದೆ. ‘ಆಡಿಸು’ ಎಂಬಲ್ಲಿ ಮಾತ್ರ ಒಮ್ಮೆಯೂ ನಿಂತಿರಲಿಲ್ಲ. ಎಲ್ಲರಿಗೂ ಗೊತ್ತಿರುವ ಕ್ರಿಯಾಪದವಲ್ಲವೆ? ಆದರೆ ಭಗವಂತನ ಬಿರುದುಗಳೆಲ್ಲ ಬಂದು ತಾಯಿಯ ತೊಡೆಯ ಮೇಲೆ ಇಳಿಯುವುದು ಆ ಒಂದು ಪದದಲ್ಲಿ. ಆ ಹುಡುಗಿ ಅಲ್ಲಿಗೇ ಮತ್ತೆ ಮತ್ತೆ ಮರಳಿದ್ದಳು, ಒಂದೊಂದು ಸಲವೂ ಹೊಸ ಸಂಗತಿಯೊಡನೆ. ತಿದ್ದುವ ಅವಸರದಲ್ಲಿ ನಾನು ಅದನ್ನು ಕೇಳಿಸಿಕೊಂಡೇ ಇರಲಿಲ್ಲ. ನಮ್ಮದೆಂದು ಬೀಗಿದ ಹಾಡನ್ನು ಆ ಊರು ಹಾಡುತ್ತ ಬಂದಿತ್ತು. ನಾನು ಬರಿದೆ ಓದುತ್ತ ಬಂದಿದ್ದೆ.

ಊರಿಗೆ ಮರಳಿದ ಮೇಲೆ ತರಗತಿಗೆ ಪುಸ್ತಕ ಒಯ್ಯಲಿಲ್ಲ. ಹಾಡಬಲ್ಲ ವಿದ್ಯಾರ್ಥಿನಿಯೊಬ್ಬಳಿಂದ ಆ ಪದವನ್ನು ಹಾಡಿಸಿ, “ಆಡಿಸುವುದು ಎಂದರೇನು?” ಎಂದು ಕೇಳಿದೆ. ಹುಡುಗರೆಲ್ಲ ನಕ್ಕರು. ನಗು ನಿಲ್ಲುವವರೆಗೆ ಕಾದು, ಮತ್ತೊಮ್ಮೆ ಕೇಳಿದೆ.