ಊರಿಗೆ ಬೇಕಾದವರು ದಿಲ್ಲಿಗೆ ಬೇಡವಾಗುವುದೇಕೆ?

ಶಿರೂರು: ಭಟ್ಕಳದಲ್ಲಿ ಬಸ್ಸು ಹತ್ತಿ ಕುಂದಾಪುರದಲ್ಲಿ ಇಳಿಯುವ ಪ್ರಯಾಣಿಕ ಒಂದೇ ಟಿಕೆಟಿನಲ್ಲಿ ಮೂರು ಲೋಕಸಭಾ ಕ್ಷೇತ್ರ ದಾಟಿರುತ್ತಾನೆ. ಹತ್ತಿದ್ದು ಉತ್ತರ ಕನ್ನಡ, ಇಳಿದದ್ದು ಉಡುಪಿ-ಚಿಕ್ಕಮಗಳೂರು. ನಡುವಿನ ಶಿರೂರು, ಬೈಂದೂರು ಮಾತ್ರ 2009ರ ಚುನಾವಣೆಯಿಂದ ಶಿವಮೊಗ್ಗದ ಲೆಕ್ಕಕ್ಕೆ! ಆ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಏಳು ಘಟ್ಟದ ಮೇಲಿವೆ. ಬೈಂದೂರಿನ ಪೇಟೆಯಲ್ಲಿ ನಾಲ್ಕು ಜನ ನಿಂತು ಕೈಮುಗಿಯುವ ಮುಖಂಡನಾದರೂ ಭದ್ರಾವತಿಗೆ ಹೋದರೆ ಅಪರಿಚಿತನೇ.

ಊರಿನ ಹೆಸರು ದೊಡ್ಡ ಚುನಾವಣೆಯಲ್ಲಿ ಎಷ್ಟು ದೂರ ನಡೆಯುತ್ತದೆ? ಕೆ. ಜಯಪ್ರಕಾಶ್ ಹೆಗ್ಡೆಯವರನ್ನೇ ನೋಡಿ. ಬ್ರಹ್ಮಾವರದಿಂದ 1994, 1999, 2004, ಹೀಗೆ ಸತತ ಮೂರು ಸಲ ಶಾಸಕರು. ಕೊನೆಯ ಎರಡು ಸಲ ಪಕ್ಷದ ಹಂಗೇ ಇಲ್ಲದೆ ಪಕ್ಷೇತರರಾಗಿ ಗೆದ್ದವರು. ಅಂಥವರು ಲೋಕಸಭೆಗೆ ನಿಂತು 2009, 2014, 2024ರಲ್ಲಿ ಸೋತರು. ಗೆದ್ದದ್ದು ಒಂದೇ ಸಲ, 2012ರ ಉಪಚುನಾವಣೆಯಲ್ಲಿ, ಸುಮಾರು 45 ಸಾವಿರ ಮತಗಳಿಂದ. ಗುಟ್ಟು ಇಲ್ಲೇ ಇದೆ. ಉಪಚುನಾವಣೆಯಲ್ಲಿ ದಿಲ್ಲಿಯ ಗದ್ದುಗೆಯ ಪ್ರಶ್ನೆ ಇರಲಿಲ್ಲ, ಜನ ಆಳನ್ನು ನೋಡಿ ಓಟು ಹಾಕಿದರು. ಎರಡೇ ವರ್ಷಕ್ಕೆ ಪ್ರಧಾನಿ ಯಾರು ಎಂಬ ಪ್ರಶ್ನೆ ಬಂತು, ಲೆಕ್ಕ ಬುಡಮೇಲಾಯಿತು. 2024ರಲ್ಲಿ ಅವರನ್ನು ಸೋಲಿಸಿದ ಕೋಟ ಶ್ರೀನಿವಾಸ ಪೂಜಾರಿಯವರೂ ಗ್ರಾಮ ಪಂಚಾಯಿತಿಯಿಂದ ಮೇಲೆ ಬಂದವರೇ. ಇಬ್ಬರೂ ಊರಿನವರಾದಾಗ ತಕ್ಕಡಿ ವಾಲುವುದು ದಿಲ್ಲಿಯ ಕಡೆಗೆ.

ಅದೇ ವರ್ಷ ಶಿವಮೊಗ್ಗದಲ್ಲಿ ಇನ್ನೂ ದೊಡ್ಡ ಪಾಠ. ಶಿವಮೊಗ್ಗ ನಗರದಿಂದ ಐದು ಸಲ ಶಾಸಕರಾಗಿ, ಉಪಮುಖ್ಯಮಂತ್ರಿಯೂ ಆಗಿದ್ದ ಕೆ.ಎಸ್. ಈಶ್ವರಪ್ಪ ಪಕ್ಷೇತರರಾಗಿ ನಿಂತರು. ಸಿಕ್ಕಿದ್ದು ಸುಮಾರು 30 ಸಾವಿರ ಮತ. ಠೇವಣಿಯೂ ಉಳಿಯಲಿಲ್ಲ.

ಮತದಾರ ಮೋಸ ಮಾಡಿದನೇ? ಇಲ್ಲ ಮಾರಾಯ್ರೆ, ಅವನ ಲೆಕ್ಕ ಹಳೆಯದು. ಇಂದಿರಾ ಗಾಂಧಿ ಹತ್ಯೆಯ ಬೆನ್ನಿಗೆ 1984ರ ಡಿಸೆಂಬರಿನಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸೀಟುಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ ಅದೇ ಜನ ಅವರ ಜನತಾ ಪಕ್ಷಕ್ಕೆ 139 ಸೀಟು ಕೊಟ್ಟರು. 2023ರಲ್ಲಿ ವಿಧಾನಸಭೆಗೆ ಕಾಂಗ್ರೆಸ್ಸಿನ 135 ಮಂದಿಯನ್ನು ಕಳಿಸಿದ ರಾಜ್ಯ, ಮರುವರ್ಷ ಲೋಕಸಭೆಗೆ ಕಳಿಸಿದ್ದು ಆ ಪಕ್ಷದ ಒಂಬತ್ತೇ ಮಂದಿಯನ್ನು. "ಅದು ಬೇರೆ, ಇದು ಬೇರೆ" ಎಂಬುದು ಮತದಾರನ ಸೂತ್ರ.

ಎಮ್ಮೆಲ್ಲೆಯ ಬಂಡವಾಳ ಮುಖಪರಿಚಯ. ಮದುವೆ-ಮುಂಜಿಗೆ ಬಂದದ್ದು, ಆಸ್ಪತ್ರೆಗೆ ಫೋನು ಮಾಡಿಸಿದ್ದು, ತಾಲೂಕು ಕಚೇರಿಯ ಕೆಲಸ ಮುಗಿಸಿಕೊಟ್ಟದ್ದು ಜನರ ನೆನಪಿನಲ್ಲಿರುತ್ತದೆ. ಹದಿನೈದು ಲಕ್ಷಕ್ಕೂ ಹೆಚ್ಚು ಮತದಾರರಿರುವ ಕ್ಷೇತ್ರದಲ್ಲಿ ಯಾರು ಎಷ್ಟು ಮದುವೆಗೆ ಹೋದಾರು? ಅಲ್ಲಿ ಓಡುವುದು ಪಕ್ಷದ ಚಿಹ್ನೆ, ದಿಲ್ಲಿಯ ನಾಯಕನ ಹೆಸರು.

ಇದರಲ್ಲಿ ಮತದಾರನಿಗೂ ಒಂದು ನಷ್ಟವಿದೆ. ರಾಷ್ಟ್ರೀಯ ಹೆದ್ದಾರಿ 66, ಶಿರೂರಿನ ಟೋಲ್‌ಗೇಟು, ಕೊಂಕಣ ರೈಲು ಎಲ್ಲವೂ ದಿಲ್ಲಿಯ ಖಾತೆ. ಆದರೆ ಸರ್ವಿಸ್ ರಸ್ತೆಯ ದೂರು, ರೈಲು ನಿಲುಗಡೆಯ ಅರ್ಜಿ ಹಿಡಿದುಕೊಂಡು ಜನ ಹೋಗುವುದು ಕೈಗೆ ಸಿಗುವ ಎಮ್ಮೆಲ್ಲೆಯ ಮನೆಗೆ. ಪ್ರಧಾನಿಯ ಹೆಸರು ನೋಡಿ ಓಟು ಹಾಕುವುದು ತಪ್ಪಲ್ಲ. ಆದರೆ ಎಂಪಿ ಓಟು ಕೇಳಲು ಘಟ್ಟ ಇಳಿದು ಬಂದ ದಿನ ಟೋಲ್‌ಗೇಟಿನ ಮಾತನ್ನೂ ಎತ್ತಬೇಕು. ಕೇಳದವರಿಗೆ ಉತ್ತರ ಕೊಡುವ ದರ್ದು ಯಾವ ಪಕ್ಷದವರಿಗೂ ಇಲ್ಲ.